ಕಂಪ್ಯೂಟರಿನ ಕಟ್ಟಳೆ ಬರೆಯುವವರು ಯಾರು, ನಮಗೂ ಅಲ್ಲಿ ಜಾಗ ಇದೆಯಾ? – ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯಿಂದ ಎರಡು ತಿರುವು ಒಳಗೆ ಬಂದರೆ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಡಿಸೈನು, ವೈಕುಂಠ ಸಮಾರಾಧನೆ ಕಾರ್ಡು, ಇದೇ ಹೊಟ್ಟೆಪಾಡು. ಭಾನುವಾರ ಸಂಜೆ ಮಾತ್ರ ಶಟರ್ ಅರ್ಧ ಎಳೆದು ಏಳೆಂಟು ಜನ ಕೂರುತ್ತೇವೆ. ಇಬ್ಬರು ಇಂಜಿನಿಯರಿಂಗ್ ಹುಡುಗಿಯರು, ಒಬ್ಬರು ರಿಟೈರ್ಡ್ ಕನ್ನಡ ಮೇಷ್ಟ್ರು, ಪಾವಗಡದಿಂದ ಬಸ್ಸಿನಲ್ಲಿ ಬರುವ ಒಬ್ಬ ಮೊಬೈಲ್ ರಿಪೇರಿ ಹುಡುಗ, ಹೀಗೆ. ಅಕ್ಷರ, ವೆಬ್‌ಸೈಟ್ ಹೆಸರು, ಕೀಬೋರ್ಡ್ ಇಂಥವುಗಳ ಸ್ಟ್ಯಾಂಡರ್ಡ್ ಬರೆಯುವ ಸಂಸ್ಥೆಗಳ ಕರಡುಗಳನ್ನು ಓದುತ್ತೇವೆ. ತಪ್ಪು ಕಂಡರೆ ಬರೆದು ಕಳಿಸುತ್ತೇವೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಹೇಳಿ ಹೇಳಿ ಬಾಯಿ ನೋಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಸ್ಟ್ಯಾಂಡರ್ಡ್ ಅಂದ್ರೆ ಐಎಸ್‌ಐ ಮಾರ್ಕ್ ತಾನೇ?

ಅದೂ ಒಂದು. ಹೆಲ್ಮೆಟ್ಟು, ಕುಕ್ಕರು, ಸಿಮೆಂಟಿನ ಮೇಲೆ ಇರುವ ಆ ಗುರುತಿನ ಹಿಂದೆ ಒಂದು ಬರಹ ಇದೆ. ಎಷ್ಟು ದಪ್ಪ ಇರಬೇಕು, ಎಷ್ಟು ಒತ್ತಡ ತಡೆಯಬೇಕು ಅಂತ. 1947ರಲ್ಲಿ ಶುರುವಾದ ಐಎಸ್‌ಐ ಸಂಸ್ಥೆ 1987ರಲ್ಲಿ ಬಿಐಎಸ್ ಆಯಿತು. ಗುರುತಿನ ಹೆಸರು ಮಾತ್ರ ಹಳೆಯದೇ ಉಳಿಯಿತು.

ಕಂಪ್ಯೂಟರಿನಲ್ಲಿ ಗುರುತು ಕಣ್ಣಿಗೆ ಬೀಳುವುದಿಲ್ಲ, ಬರಹ ಮಾತ್ರ ಎಲ್ಲ ಕಡೆ ಇದೆ. ನೀವು ಕಳಿಸಿದ 'ಕ' ನಿಮ್ಮ ತಂಗಿಯ ಫೋನಿನಲ್ಲೂ 'ಕ' ಆಗಿಯೇ ಕಾಣುತ್ತದಲ್ವಾ, ಅದು ಸುಮ್ನೆ ಆಗಿದ್ದಲ್ಲ. ಕೀಪ್ಯಾಡ್ ಫೋನಿನಲ್ಲೂ ಕನ್ನಡ ಮೆಸೇಜ್ ಓದಲು ಬರಬೇಕು ಅನ್ನುವುದಕ್ಕೂ ಬಿಐಎಸ್‌ನ ಒಂದು ಸ್ಟ್ಯಾಂಡರ್ಡ್ ಇದೆ, ಐಎಸ್ 16333ರ 3ನೇ ಭಾಗ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ತಂದು 'ತೆಗೀರಿ ಸಾರ್' ಅಂತ ಕೊಡುವ ಗಿರಾಕಿಗಳು ನನಗೆ ಈಗಲೂ ಸಿಗುತ್ತಾರೆ. ತೆರೆದರೆ ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಒಪ್ಪಂದ ಇಲ್ಲದ ಕಾಲ ಹೇಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಇದನ್ನೆಲ್ಲ ಯಾರು ಬರೀತಾರೆ? ಸರ್ಕಾರನಾ?

ಒಂದೊಂದಕ್ಕೂ ಒಂದೊಂದು ಮನೆ. ಇಂಟರ್ನೆಟ್ಟಿನ ಒಳಗಿನ ಮಾತುಕತೆಯ ನಿಯಮ ಐಇಟಿಎಫ್‌ನದು. ಅದು 1986ರ ಜನವರಿಯಲ್ಲಿ 21 ಜನರ ಸಭೆಯಿಂದ ಶುರುವಾಯಿತು. ವೆಬ್ ಪುಟಗಳ ನಿಯಮ ಡಬ್ಲ್ಯೂಥ್ರೀಸಿಯದು, 1994ರಿಂದ. ಅಕ್ಷರಗಳ ಸಂಕೇತ ಯುನಿಕೋಡ್ ಕನ್ಸಾರ್ಶಿಯಂನದು, 1991ರಿಂದ. ಮೊಬೈಲ್ ನೆಟ್‌ವರ್ಕಿಗೆ 3ಜಿಪಿಪಿ. ದೇಶಗಳು ಕೂತು ವೋಟು ಹಾಕುವ ದೊಡ್ಡ ಮನೆಗಳು ಜಿನೀವಾದ ಐಎಸ್‌ಒ ಮತ್ತು ಟೆಲಿಕಾಂ ನೋಡಿಕೊಳ್ಳುವ ಐಟಿಯು. ನಮ್ಮ ದೇಶದ ಪರವಾಗಿ ಐಎಸ್‌ಒಗೆ ಹೋಗುವುದು ಬಿಐಎಸ್.

ಮುಖ್ಯ ವ್ಯತ್ಯಾಸ ಇಷ್ಟು: ಯಾರ ಹೆಸರಿನಲ್ಲಿ ಒಳಗೆ ಕೂರುತ್ತೀರಿ ಅನ್ನುವುದು. ಐಇಟಿಎಫ್‌ನಲ್ಲಿ ನೀವು ನೀವೇ. ಸದಸ್ಯತ್ವ ಅಂತಲೇ ಇಲ್ಲ. ಡಬ್ಲ್ಯೂಥ್ರೀಸಿಯಲ್ಲಿ, ಯುನಿಕೋಡ್‌ನಲ್ಲಿ ಕಂಪನಿ ಅಥವಾ ಸಂಸ್ಥೆಯ ಹೆಸರಿಗೆ ಬೆಲೆ. ಐಎಸ್‌ಒದಲ್ಲಿ ದೇಶದ ಹೆಸರಿಗೆ.

ವೋಟು ಹಾಕಿ ತೀರ್ಮಾನ ಮಾಡ್ತಾರಾ?

ಐಇಟಿಎಫ್‌ನಲ್ಲಿ ಇಲ್ಲ. 1992ರಲ್ಲಿ ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಕ್ಲಾರ್ಕ್ ಅಲ್ಲಿನ ಸಭೆಯೊಂದರಲ್ಲಿ ಹೇಳಿದ ಮಾತು ಈಗಲೂ ಅವರ ಬಾಯಲ್ಲಿದೆ. ನಮಗೆ ರಾಜ ಬೇಡ, ಅಧ್ಯಕ್ಷ ಬೇಡ, ವೋಟೂ ಬೇಡ. ಹೆಚ್ಚುಕಡಿಮೆ ಒಮ್ಮತ ಮತ್ತು ಓಡುವ ಕೋಡು ಸಾಕು ಅಂತ ಅದರ ತಾತ್ಪರ್ಯ.

ಈ 'ಹೆಚ್ಚುಕಡಿಮೆ ಒಮ್ಮತ' ಅನ್ನುವುದು ಪುಸ್ತಕದಲ್ಲಿ ಓದಿದಾಗ ನನಗೆ ತಲೆಗೆ ಹತ್ತಲಿಲ್ಲ. ಊರ ಹಬ್ಬ ನೆನಪಾದ ಮೇಲೆ ಹತ್ತಿತು. ನಮ್ಮ ಹಳ್ಳಿಯಲ್ಲಿ ಮಾರಿಹಬ್ಬದ ದಿನ ಗೊತ್ತು ಮಾಡುವಾಗ ಯಾರೂ ಕೈ ಎಣಿಸುವುದಿಲ್ಲ. ಅರಳಿಕಟ್ಟೆ ಹತ್ತಿರ ಸೇರುತ್ತಾರೆ. ಹಿರಿಯರೊಬ್ಬರು 'ಬರೋ ಮಂಗಳವಾರ ಮಾಡಾಣ, ಯಾರ್ದಾದ್ರೂ ತಕರಾರು ಐತೇನ್ರಪ್ಪ?' ಅಂತಾರೆ. ಒಬ್ಬ 'ಅವತ್ತು ನಮ್ಮ ಅಳಿಯ ಬರಕ್ಕಾಗಲ್ಲ' ಅಂತಾನೆ. ಅವನ ಮಾತು ಕೇಳುತ್ತಾರೆ, 'ಮುಂದಿನ ವರ್ಷ ಕರ್ಕೊಂಡ್ ಬಾ ಬಿಡು' ಅಂತ ಮುಂದಕ್ಕೆ ಹೋಗುತ್ತಾರೆ. ಇನ್ನೊಬ್ಬ ಮೆಲ್ಲಗೆ 'ದೇವರು ಹೊರೋ ಮನೆಗೆ ಸೂತಕ ಐತಲ್ಲಣ್ಣ' ಅಂತಾನೆ. ಅಲ್ಲಿಗೆ ಮುಗೀತು. ಇಡೀ ಊರು ಮಂಗಳವಾರ ಅಂದಿದ್ದರೂ ದಿನ ಬದಲಾಗುತ್ತದೆ.

ಅಳಿಯನದೂ ಒಂದೇ ತಲೆ, ಸೂತಕದ್ದೂ ಒಂದೇ ತಲೆ. ತೂಕ ಮಾತ್ರ ಬೇರೆ. ಐಇಟಿಎಫ್‌ನ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ; 2014ರ ಆರ್‌ಎಫ್‌ಸಿ 7282ರಲ್ಲಿ ಪೀಟ್ ರೆಸ್ನಿಕ್ ಬರೆದಿರುವುದೂ ಇದನ್ನೇ. ನೂರು ಜನ ಪರ, ಐದು ಜನ ವಿರೋಧ ಇದ್ದರೂ ಒಮ್ಮತ ಆಗದೇ ಇರಬಹುದು. ಐದು ಜನ ಪರ, ನೂರು ಜನ ವಿರೋಧ ಇದ್ದರೂ ಒಮ್ಮತ ಆಗಿರಬಹುದು. ತಕರಾರನ್ನು ಒಪ್ಪಲೇಬೇಕು ಅಂತೇನಿಲ್ಲ. ಆದರೆ ಅದಕ್ಕೆ ಉತ್ತರ ಕೊಟ್ಟಿರಬೇಕು. ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ.

ನಮ್ಮ ಹುಡುಗಿಯೊಬ್ಬಳು ಇದನ್ನು ಕೇಳಿ ಒಂದು ಮಾತು ಹೇಳಿದಳು. 'ಸಾರ್, ಆ ಕಟ್ಟೆ ಮೇಲೆ ಕೂತವರು ಯಾರು, ಕೆಳಗೆ ನಿಂತವರು ಯಾರು, ಮನೆಯಿಂದ ಬರದೇ ಇದ್ದವರು ಯಾರು?' ನನಗೆ ತಕ್ಷಣ ಉತ್ತರ ಬರಲಿಲ್ಲ. ಸೂತಕದ ಸುದ್ದಿ ಗೊತ್ತಿದ್ದವಳು ಹೆಂಗಸು ಆಗಿದ್ದು, ಅವಳು ಅಲ್ಲಿಗೆ ಬರುವ ರೂಢಿಯೇ ಇಲ್ಲದಿದ್ದರೆ? ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅವಳ ಈ ಮಾತಿನ ಬಾಲವೇ.

ಹೂಂಗುಟ್ಟಿ ತೀರ್ಮಾನ ಮಾಡ್ತಾರಂತೆ, ನಿಜಾನಾ?

ನಿಜ. ಕೈ ಎತ್ತಿದರೆ ಎಣಿಸುವ ಆಸೆ ಹುಟ್ಟುತ್ತದೆ. ಯಾರು ಎತ್ತಿದರು ಅಂತ ಪಕ್ಕದವನು ನೋಡುತ್ತಾನೆ, ಕೆಲಸ ಕೊಟ್ಟ ಕಂಪನಿಯವನೂ ನೋಡುತ್ತಾನೆ. ಅದಕ್ಕೆ ಐಇಟಿಎಫ್ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು 'ಹ್ಞೂಂ' ಅನ್ನಿಸುತ್ತಾರೆ. 'ಇದು ಸರಿ ಅನ್ನುವವರು ಹೂಂಗುಟ್ಟಿ', 'ಬೇಡ ಅನ್ನುವವರು ಹೂಂಗುಟ್ಟಿ' ಅಂತ ಎರಡು ಸಲ. ಸದ್ದಿನ ಮೇಲೆ ಸಭೆ ನಡೆಸುವವರಿಗೆ ಒಂದು ಅಂದಾಜು ಸಿಗುತ್ತದೆ. ಅದು ತೀರ್ಪು ಅಲ್ಲ, ಮಾತು ಎಲ್ಲಿಂದ ಮುಂದುವರಿಸಬೇಕು ಅನ್ನುವ ಸುಳಿವು ಅಷ್ಟೇ. ಬೇಡ ಅಂತ ಸದ್ದು ಬಂದರೆ 'ಯಾಕೆ ಬೇಡ ಹೇಳಿ' ಅಂತ ಕೇಳಬೇಕು.

2020ರ ಮಾರ್ಚಿನಲ್ಲಿ ವ್ಯಾಂಕೂವರ್‌ನಲ್ಲಿ ಆಗಬೇಕಿದ್ದ ಸಭೆ ಕೊರೊನಾದಿಂದ ಆನ್‌ಲೈನ್ ಆಯಿತು. ಆಮೇಲೆ ಹೂಂಗುಟ್ಟುವುದಕ್ಕೂ ಒಂದು ಬಟನ್ ಮಾಡಿದರು, ಅದನ್ನೂ ಬಿಟ್ಟು ಕೈ ಎತ್ತುವ ಬಟನ್ ತಂದರು. ಏನೇ ಆದರೂ ಸಭೆಯಲ್ಲಿ ಆದ ತೀರ್ಮಾನವನ್ನು ಇಮೇಲ್ ಪಟ್ಟಿಯಲ್ಲಿ ಇನ್ನೊಮ್ಮೆ ಕೇಳಿಯೇ ಗಟ್ಟಿ ಮಾಡುವುದು. ವಿಮಾನ ಹತ್ತಲಾರದ ನಮ್ಮಂಥವರಿಗೆ ಈ ನಿಯಮವೇ ಆಧಾರ.

ಹಾಗಾದ್ರೆ ಸಭೆ ನಡೆಸೋನ ಕೈಯಲ್ಲೇ ಎಲ್ಲ ಇರುತ್ತಲ್ವಾ?

ಜಾಸ್ತಿಯೇ ಇರುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಅದಕ್ಕೇ ಮೇಲ್ಮನವಿಗೆ ಮೆಟ್ಟಿಲುಗಳಿವೆ. ಮೊದಲು ಗುಂಪಿನ ಮುಖ್ಯಸ್ಥರಿಗೆ, ಆಮೇಲೆ ಆ ವಿಭಾಗದ ನಿರ್ದೇಶಕರಿಗೆ, ಆಮೇಲೆ ಆ ನಿರ್ದೇಶಕರೆಲ್ಲ ಕೂರುವ ಮಂಡಳಿ ಐಇಎಸ್‌ಜಿಗೆ, ಕೊನೆಗೆ ಐಎಬಿ ಅನ್ನುವ ಇನ್ನೊಂದು ಮಂಡಳಿಗೆ. ತೀರ್ಮಾನ ಗೊತ್ತಾದ ಎರಡು ತಿಂಗಳ ಒಳಗೆ ಬರೆಯಬೇಕು.

ದೊಡ್ಡ ಹುದ್ದೆಗಳಿಗೆ ಜನರನ್ನು ಆರಿಸುವ ರೀತಿ ನನಗೆ ತುಂಬ ಹಿಡಿಸಿತು. ಆರಿಸುವ ಸಮಿತಿಯ ಹತ್ತು ಮತದಾರರನ್ನು ಚೀಟಿ ಎತ್ತಿದ ಹಾಗೆ ಸ್ವಯಂಸೇವಕರಲ್ಲಿ ಎತ್ತುತ್ತಾರೆ. ಲಾಟರಿ ನಂಬರಿನಂಥ, ಯಾರ ಕೈಗೂ ಸಿಗದ ಅಂಕಿ ಹಿಡಿದು ಲೆಕ್ಕ ಹಾಕುತ್ತಾರೆ, ಯಾರು ಬೇಕಾದರೂ ಮನೆಯಲ್ಲಿ ಕೂತು ಪರೀಕ್ಷೆ ಮಾಡಬಹುದು. ಒಂದೇ ಕಂಪನಿಯಿಂದ ಇಬ್ಬರಿಗಿಂತ ಜಾಸ್ತಿ ಬರುವಂತಿಲ್ಲ. ನಮ್ಮ ಚೀಟಿ ವ್ಯವಹಾರದಲ್ಲೂ ಇಷ್ಟು ಪಾರದರ್ಶಕ ಇರಲ್ಲ ಬಿಡಿ.

ವೋಟು ಹಾಕೋ ಕಡೆ ನ್ಯಾಯ ಜಾಸ್ತಿ ಇರಲ್ವಾ? ಒಂದು ದೇಶಕ್ಕೆ ಒಂದು ವೋಟು ಅಂದ್ರೆ ಸಮಾನ ತಾನೇ?

ಕಾಗದದ ಮೇಲೆ ಸಮಾನ. ನಡೆದ ಒಂದು ಕಥೆ ಕೇಳಿ.

ವರ್ಡ್‌ನಲ್ಲಿ ಈಗ ನೀವು ಸೇವ್ ಮಾಡುವ ಫೈಲಿನ ಮಾದರಿ ಇದೆಯಲ್ಲ, ಅದಕ್ಕೆ ಐಎಸ್‌ಒ ಮುದ್ರೆ ಬೇಕು ಅಂತ ಅವಸರದ ದಾರಿಯಲ್ಲಿ ಅರ್ಜಿ ಹೋಯಿತು. 2007ರ ಸೆಪ್ಟೆಂಬರಿನಲ್ಲಿ ಮೊದಲ ವೋಟು. ಪೂರ್ಣ ಹಕ್ಕಿನ ಸದಸ್ಯ ದೇಶಗಳಲ್ಲಿ ಮೂರರಲ್ಲಿ ಎರಡು ಪಾಲು ಹೌದು ಅನ್ನಬೇಕು, ಒಟ್ಟು ವೋಟಿನಲ್ಲಿ ಬೇಡ ಅನ್ನುವುದು ಕಾಲು ಭಾಗ ಮೀರಬಾರದು. ಎರಡೂ ಆಗಲಿಲ್ಲ, ಬಿತ್ತು. ಆ ವೋಟಿನ ಹೊತ್ತಿಗೆ ಸರಿಯಾಗಿ ಹಲವು ದೇಶಗಳು ಪೂರ್ಣ ಸದಸ್ಯರಾಗಿ ಬಡ್ತಿ ಪಡೆದಿದ್ದವು. 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಐದು ದಿನದ ಸಭೆ, ಸಾವಿರಕ್ಕೂ ಮಿಕ್ಕಿದ ತಕರಾರುಗಳಿಗೆ ಪರಿಹಾರ ನೋಡಬೇಕು. ಐದು ದಿನದಲ್ಲಿ ಸಾವಿರ! ಹೆಚ್ಚಿನವನ್ನು ಒಂದೊಂದಾಗಿ ಮಾತಾಡದೆ ಸಗಟಾಗಿ ವೋಟಿಗೆ ಹಾಕಿದರು. ಆಮೇಲೆ ಎರಡನೇ ಸುತ್ತಿನಲ್ಲಿ ಪಾಸಾಯಿತು. ಭಾರತ ಎರಡೂ ಸಲ ಬೇಡ ಅಂದಿತ್ತು. ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಜೊತೆ ಸೇರಿ ಮೇಲ್ಮನವಿಯನ್ನೂ ಹಾಕಿತು. ಅದು ತಿರಸ್ಕಾರವಾಯಿತು. ನಾರ್ವೆಯ ಸಮಿತಿಯಲ್ಲಿದ್ದ 23 ಜನರಲ್ಲಿ 13 ಜನ ಬೇಸತ್ತು ರಾಜೀನಾಮೆ ಕೊಟ್ಟರು.

ಸೂತಕದ ತಕರಾರನ್ನೂ ಅಳಿಯನ ತಕರಾರನ್ನೂ ಒಂದೇ ಚೀಲಕ್ಕೆ ತುಂಬಿ ತೂಗಿದರೆ ಹೀಗಾಗುತ್ತದೆ. ನನ್ನ ಓಟು ಹೂಂಗುಟ್ಟುವವರಿಗೇ, ಅಲ್ಲಿ ಹುಳುಕು ಏನೇ ಇರಲಿ. ನಮ್ಮ ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. 'ವೋಟು ಇದ್ರೆ ಸೋತೆ ಅಂತಾದ್ರೂ ಲೆಕ್ಕ ಸಿಗುತ್ತೆ ಕಣಯ್ಯ' ಅನ್ನುವುದು ಅವರ ವಾದ.

ಕನ್ನಡಕ್ಕೆ ಇದರಿಂದ ಏನು ಲಾಭ ನಷ್ಟ ಆಗಿದೆ?

ಎರಡು ಉದಾಹರಣೆ ಸಾಕು. ಎರಡೂ ಸಣ್ಣವು, ಅದಕ್ಕೇ ಹೇಳುತ್ತೇನೆ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಲೇಔಟ್ ಇದೆ. ನಮ್ಮ ದೇಶದ ಹಳೆಯ ಇಸ್ಕಿ ಸಂಕೇತವನ್ನು ನೋಡಿಕೊಂಡು ಹಾಕಿದ ಲೇಔಟು. ಅದರಲ್ಲಿ ಹಳಗನ್ನಡದ 'ೞ' ಅಕ್ಷರಕ್ಕೂ ಒಂದು ಮನೆ ಸಿಕ್ಕಿದೆ. ಬಾಗಿಲ ಮೇಲಿನ ಬೋರ್ಡು ಮಾತ್ರ 'ಕನ್ನಡ ಲೆಟರ್ ಫ' ಅಂತ, ಇಂಗ್ಲಿಷಿನ ಫ್ಯಾನ್ ಅನ್ನುವಾಗಿನ ಫ. ೞಕ್ಕೂ ಫಕ್ಕೂ ಎತ್ತಣಿಂದೆತ್ತಣ ಸಂಬಂಧ? ತಪ್ಪು ಅಂತ ಅವರಿಗೂ ಗೊತ್ತು. ಆದರೆ ಯುನಿಕೋಡ್‌ನಲ್ಲಿ ಒಮ್ಮೆ ಇಟ್ಟ ಹೆಸರು ಬದಲಾಯಿಸುವ ಹಾಗಿಲ್ಲ, ಅದೊಂದು ಗಟ್ಟಿ ನಿಯಮ. ಹೆಸರನ್ನು ನಂಬಿಕೊಂಡ ಹಳೆಯ ಸಾಫ್ಟ್‌ವೇರ್ ಕೆಡಬಾರದು ಅಂತ. ಪಕ್ಕದಲ್ಲಿ ಸರಿಯಾದ ಹೆಸರನ್ನು 'ಉರುಫ್' ಅಂತ ಸೇರಿಸಿದ್ದಾರೆ. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಹೆಸರಿಡುವ ದಿನ ಹಳಗನ್ನಡ ಓದಿದ ಒಬ್ಬರು 'ಅದು ಫ ಅಲ್ಲ ಸ್ವಾಮಿ' ಅಂದಿದ್ದರೆ ಮುಗಿಯುತ್ತಿತ್ತು.

ಎರಡನೆಯದು ನನ್ನ ಅಂಗಡಿಯಲ್ಲೇ ಆದದ್ದು. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ ಹುಡುಗಿಗೆ ಅಭಿನಂದನೆಯ ಫ್ಲೆಕ್ಸ್. 'ರ‍್ಯಾಂಕ್' ಅಂತ ಹಾಕಬೇಕು. ನನ್ನ ಹೊಸ ಹುಡುಗ ಟೈಪ್ ಮಾಡಿದ್ದು 'ರ್ಯಾಂಕ್'. ಅರ್ಕಾವೊತ್ತು ಬಂತು. ಆರಡಿ ಫ್ಲೆಕ್ಸಿನಲ್ಲಿ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತೀರಾ! ಮೇಷ್ಟ್ರು ಮೊದಲ ಸಲ ನನ್ನ ಅಂಗಡಿಗೆ ಬಂದಿದ್ದೇ ಆ ಜಗಳಕ್ಕೆ. 'ಪದದ ಶುರುನಲ್ಲೇ ಅರ್ಕಾವೊತ್ತು ಬರುತ್ತೇನಯ್ಯ?'

ರ ಪೂರ್ತಿ ಕಂಡು ಯ ಒತ್ತಾಗಬೇಕಾದರೆ ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಇಡಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯಿನರ್, ನಾವು 'ಅಂಟು' ಅನ್ನುತ್ತೇವೆ. ಕನ್ನಡದಲ್ಲಿ ಅದರ ಜಾಗ ರ ಆದ ಮೇಲೆ, ವಿರಾಮಕ್ಕಿಂತ (ಅಕ್ಷರವನ್ನು ಅರ್ಧ ಮಾಡುವ ಗುರುತು, 'ಕ್'ನಲ್ಲಿ ಇರುವಂಥದ್ದು) ಮುಂಚೆ. ರ, ಅಂಟು, ವಿರಾಮ, ಯ. ಸರಿ. ಈಗ ವೆಬ್‌ಸೈಟ್ ಹೆಸರುಗಳ ಕಡೆ ಬನ್ನಿ. ಭಾರತೀಯ ಭಾಷೆಗಳ ಹೆಸರಿನಲ್ಲಿ ಈ ಅಂಟು ಎಲ್ಲಿ ಬರಬಹುದು ಅಂತ 2010ರ ಆರ್‌ಎಫ್‌ಸಿ 5892ರಲ್ಲಿ ಒಂದು ನಿಯಮ ಇದೆ: ಅಂಟಿನ ಹಿಂದೆಯೇ ವಿರಾಮ ಇರಬೇಕು. ಅಂದರೆ ವಿರಾಮ ಮೊದಲು, ಅಂಟು ಆಮೇಲೆ. ನಾಗರಿಯಂಥ ಲಿಪಿಗೆ ಆ ಲೆಕ್ಕ ಸರಿ. ನಮ್ಮ 'ರ‍್ಯ'ಗೆ ಪೂರ್ತಿ ಉಲ್ಟಾ. ಹಾಗಾಗಿ 'ರ‍್ಯಾಲಿ' ಅನ್ನುವ ಪದ ಇದ್ದ ಹಾಗೇ ವೆಬ್‌ಸೈಟ್ ಹೆಸರಾಗುವ ಹಾಗಿಲ್ಲ. ಯಾರೂ ಕನ್ನಡದ ಮೇಲೆ ಹಗೆ ಸಾಧಿಸಿದ್ದಲ್ಲ. ಒಂದು ಸಾಲು, ಒಂದು ಲಿಪಿಯ ಲೆಕ್ಕ, ಅಷ್ಟೇ.

ಪಾವಗಡದವರು ಕೇಳೋದು: ಕನ್ನಡ, ತೆಲುಗು ಅಕ್ಷರ ಒಂದೇ ಥರ ಇವೆ. ಮೋಸ ಆಗಲ್ವಾ?

ಒಳ್ಳೆ ಪ್ರಶ್ನೆ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಎರಡೂ ಬೋರ್ಡು ಓದಿ ಬೆಳೆದವರಿಗೇ ಇದು ಹೊಳೆಯುವುದು. ಯುನಿಕೋಡ್‌ಗೆ ಕನ್ನಡದ ಗ ಬೇರೆ, ತೆಲುಗಿನ ಗ ಬೇರೆ. ಕಣ್ಣಿಗೆ ಎರಡೂ ಒಂದೇ. ನಿಮ್ಮ ಬ್ಯಾಂಕಿನ ಕನ್ನಡ ಹೆಸರಿನಲ್ಲಿ ಒಂದು ತೆಲುಗು ಅಕ್ಷರ ತುರುಕಿ ಕಳ್ಳ ವೆಬ್‌ಸೈಟ್ ಮಾಡಿದರೆ?

ಅದನ್ನು ತಡೆಯಲು ನವ-ಬ್ರಾಹ್ಮಿ ಅನ್ನುವ ತಂಡವೊಂದು ಭಾರತದ ಒಂಬತ್ತು ಲಿಪಿಗಳನ್ನು ಒಟ್ಟಿಗೆ ಕೂತು ನೋಡಿತು. ಆ ಆ ಲಿಪಿ ಬಲ್ಲವರೇ ಅದರಲ್ಲಿದ್ದರು. ಕನ್ನಡ, ತೆಲುಗಿನಲ್ಲಿ ಒಂದೇ ಥರ ಕಾಣುವ ಅಕ್ಷರಗಳನ್ನು ಪಟ್ಟಿ ಮಾಡಿ, ಒಂದು ಲಿಪಿಯಲ್ಲಿ ಒಬ್ಬರು ಹೆಸರು ತೆಗೆದುಕೊಂಡರೆ ಇನ್ನೊಂದು ಲಿಪಿಯ ಜೋಡಿ ಹೆಸರು ಬೇರೆಯವರಿಗೆ ಸಿಗದ ಹಾಗೆ ಕಟ್ಟು ಹಾಕಿದರು. ಇಂಟರ್ನೆಟ್ಟಿನ ತುತ್ತತುದಿಯ ಹೆಸರುಗಳಿಗೆ, ಅಂದರೆ '.ಭಾರತ'ದಂಥವಕ್ಕೆ, ಈ ನಿಯಮ 2019ರಲ್ಲಿ ಬಂತು. ಒಂದೇ ಭಾಷೆಯವರು ಕೂತಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ನಮ್ಮ ರಿಪೇರಿ ಹುಡುಗ ಮಾತ್ರ 'ಇದು ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಕೂತಿದ್ರೆ ಒಂದೇ ದಿನಕ್ಕೆ ಗೊತ್ತಾಗ್ತಿತ್ತು' ಅಂತಾನೆ.

ನಮ್ಮ ಕಡೆಯವರ ಮಾತು ಕೇಳಿದ ಉದಾಹರಣೆ ಒಂದಾದ್ರೂ ಇದೆಯಾ?

ಇದೆ, 5ಜಿಯಲ್ಲಿ. 5ಜಿ ಅನ್ನಿಸಿಕೊಳ್ಳಲು ಯಾವ ಯಾವ ಪರೀಕ್ಷೆ ಪಾಸಾಗಬೇಕು ಅಂತ ಐಟಿಯು 2017ರಲ್ಲಿ ಪಟ್ಟಿ ಮಾಡಿತು. ಹಳ್ಳಿ ಅಂದರೆ ಟವರ್‌ನಿಂದ ಟವರ್‌ಗೆ 1,732 ಮೀಟರ್ ಅಂತ ಅದರಲ್ಲಿ ಒಂದು ಲೆಕ್ಕ. ಶಿರಾದಿಂದ ಮಧುಗಿರಿಗೆ ಒಮ್ಮೆ ಬಸ್ಸಿನಲ್ಲಿ ಹೋದವರಿಗೆ ನಗು ಬರುತ್ತದೆ. ಭಾರತದ ಕಡೆಯವರು ಬೇರೆ ಲೆಕ್ಕ ಇಟ್ಟರು. ನಮ್ಮಲ್ಲಿ ಫೈಬರ್ ಗ್ರಾಮ ಪಂಚಾಯಿತಿವರೆಗೆ ಬರುತ್ತದೆ. ಟವರ್ ಅಲ್ಲೇ ನಿಲ್ಲುತ್ತದೆ. ಸುತ್ತಲಿನ ಹಳ್ಳಿಗಳು ಎರಡು ಮೂರು ಕಿಲೋಮೀಟರ್ ದೂರ. ಟವರ್‌ನಿಂದ ಟವರ್‌ಗೆ 6 ಕಿಲೋಮೀಟರ್ ಇಟ್ಟು, ವೇಗವಾಗಿ ಓಡುವ ಕಾರುಗಳ ಲೆಕ್ಕ ಕಡಿಮೆ ಮಾಡಿ ಪರೀಕ್ಷೆ ಮಾಡಿ ಅಂದರು. ಅದು ಪಟ್ಟಿಗೆ ಸೇರಿತು. ಆಮೇಲೆ ನಮ್ಮ ದೇಶದ ಟೆಲಿಕಾಂ ಸ್ಟ್ಯಾಂಡರ್ಡ್ ಸಂಸ್ಥೆ ಟಿಎಸ್‌ಡಿಎಸ್‌ಐ ತಂದ 5ಜಿಐ ಅನ್ನುವ ಮಾದರಿಯನ್ನೂ 2021ರಲ್ಲಿ ಐಟಿಯು ಒಪ್ಪಿತು. ಕೊನೆಗೆ ಅದರ ಮುಖ್ಯ ಅಂಶಗಳು 3ಜಿಪಿಪಿಯ 17ನೇ ಆವೃತ್ತಿಯಲ್ಲಿ ಬೆರೆತವು.

ಪಂಚಾಯಿತಿ ಆಫೀಸು ಎಲ್ಲಿದೆ ಅನ್ನುವುದು ಜಿನೀವಾದ ಕಾಗದಕ್ಕೆ ಹೋಯಿತು ಅನ್ನುವುದೇ ನನಗೆ ಖುಷಿ.

ತುಮಕೂರಿನಿಂದ ಯಾರಾದ್ರೂ ಹೀಗೆ ಮಾಡಿದ್ದಾರಾ?

ಯುನಿಕೋಡ್‌ನ ದಾಖಲೆಗಳಲ್ಲಿ ವಿಳಾಸದ ಜಾಗದಲ್ಲಿ 'ತುಮಕೂರು' ಅಂತ ಬರೆದಿರುವ ಅರ್ಜಿಗಳಿವೆ. ಹೆಸರು ನಾನು ಹೇಳುವುದಿಲ್ಲ, ಹುಡುಕಿ ನೋಡಿ. ಮೊದಲ ಸಲ ನೋಡಿದಾಗ ನನಗೂ ಬೆರಗು. ನಾವು ಅಷ್ಟು ದೂರ ಅಂದುಕೊಂಡ ಬಾಗಿಲನ್ನು ನಮ್ಮೂರಿನವರೇ ತಟ್ಟಿದ್ದಾರೆ.

ಅರ್ಜಿ ಹಾಕಲು ಅಲ್ಲಿ ಸದಸ್ಯತ್ವ ಬೇಡ. ತಾಳ್ಮೆ ಬೇಕು. ತುಳು-ತಿಗಳಾರಿ ಲಿಪಿ ವರ್ಷಗಟ್ಟಲೆ ಓಡಾಟದ ನಂತರ 2024ರ ಸೆಪ್ಟೆಂಬರಿನಲ್ಲಿ ಬಂದ 16ನೇ ಆವೃತ್ತಿಗೆ ಸೇರಿತು. ರೂಪಾಯಿ ಚಿಹ್ನೆಯ ಕಥೆ ಬೇರೆ. 2010ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಪ್ಪಿತು, ಅದೇ ಅಕ್ಟೋಬರಿನಲ್ಲಿ ಯುನಿಕೋಡ್‌ಗೆ ಬಂತು. ಬೆನ್ನಿಗೆ ಸರ್ಕಾರ ಇದ್ದರೆ ಮೂರು ತಿಂಗಳು! ಆಟೋರಿಕ್ಷಾ ಇಮೋಜಿ 2019ರಲ್ಲಿ ಬಂತು, ಸೀರೆ, ದೀಪದ ಜೊತೆಗೆ. ತಟ್ಟೆ ಇಡ್ಲಿದು ಯಾವಾಗ ಅಂತ ಕ್ಯಾತ್ಸಂದ್ರದವರು ಕೇಳುತ್ತಾರೆ. ಅರ್ಜಿ ಬರೆಯಿರಿ ಅನ್ನುತ್ತೇನೆ.

ದುಡ್ಡು ಎಷ್ಟಾಗುತ್ತೆ?

ಐಇಟಿಎಫ್‌ನ ಇಮೇಲ್ ಪಟ್ಟಿಗೆ, ದಾಖಲೆಗಳಿಗೆ ಒಂದು ಪೈಸೆ ಇಲ್ಲ. ವರ್ಷಕ್ಕೆ ಮೂರು ದೊಡ್ಡ ಸಭೆ. ಆನ್‌ಲೈನ್ ಸೇರಲು ಶುಲ್ಕ ಇದೆ, ಕೊಡಲು ಆಗದವರಿಗೆ ಮಾಫಿಯೂ ಇದೆ. ಕೇಳಲು ನಾಚಿಕೆ ಬೇಡ. ಡಬ್ಲ್ಯೂಥ್ರೀಸಿಯ ಸದಸ್ಯತ್ವ ದುಬಾರಿ, ಆದರೆ ಅದರ ಕಮ್ಯುನಿಟಿ ಗುಂಪುಗಳಿಗೆ ಯಾರು ಬೇಕಾದರೂ ಪುಕ್ಕಟೆ ಸೇರಬಹುದು. ಬಿಐಎಸ್‌ನ ಭಾರತೀಯ ಸ್ಟ್ಯಾಂಡರ್ಡ್‌ಗಳು ಈಗ ಪುಕ್ಕಟೆ ಡೌನ್‌ಲೋಡ್. ಐಎಸ್‌ಒ ಪುಸ್ತಕಗಳಿಗೆ ಮಾತ್ರ ದುಡ್ಡು ಬಿಚ್ಚಬೇಕು.

ಮತ್ತೆ ಎಲ್ಲ ಪುಕ್ಕಟೆ ಆದ್ರೆ ಯಾಕೆ ನಮ್ಮವರು ಕಮ್ಮಿ?

ಹೊತ್ತು. ದುಡ್ಡಿಗಿಂತ ಹೊತ್ತೇ ದುಬಾರಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನವೆಂಬರಿನ ಬೆಳಗ್ಗೆ ಒಂಬತ್ತೂವರೆ ಅಂದರೆ ನಮಗೆ ರಾತ್ರಿ ಹನ್ನೊಂದು. ಐದು ದಿನ ಹಾಗೆ ನಿದ್ದೆಗೆಟ್ಟು, ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಬೇಕು. ಅಲ್ಲಿ ಕೂತವರಲ್ಲಿ ಬಹಳ ಮಂದಿಗೆ ಅದೇ ಉದ್ಯೋಗ, ಸಂಬಳ ಕೊಟ್ಟು ಕಂಪನಿಯೇ ಕಳಿಸಿರುತ್ತದೆ. 'ನಾನು ನಾನಾಗಿ ಬಂದಿದ್ದೇನೆ' ಅಂತ ಅವರೂ ಹೇಳುತ್ತಾರೆ, ನಿಜವೇ. ಟಿಕೆಟ್ ತೆಗೆಸಿದವರು ಯಾರು ಅನ್ನುವುದೂ ನಿಜವೇ. ಯುನಿಕೋಡ್‌ನಲ್ಲಿ ಪೂರ್ಣ ವೋಟಿನ ಹಕ್ಕು ಇರುವುದು ಗೂಗಲ್, ಆಪಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಮತ್ತು ಕೆಲವೇ ಸಂಸ್ಥೆಗಳಿಗೆ. ಅವರ ಫೋನು, ಕಂಪ್ಯೂಟರಿನಲ್ಲೇ ನಮ್ಮ ಅಕ್ಷರ ಓಡುವುದರಿಂದ ಅವರಿಲ್ಲದೆ ಆಗುವುದೂ ಇಲ್ಲ. ಅವರು ಮಾತ್ರವೇ ಆದರೆ ೞ ಫ ಆಗಿ ಕೂತರೂ ಕೇಳುವವರಿರುವುದಿಲ್ಲ.

ಇದಕ್ಕೆ ನಾವು ಮಾಡಿಕೊಂಡ ಉಪಾಯ ಸರದಿ. ಒಂದು ಸಭೆಗೆ ಒಬ್ಬರು ಎದ್ದಿರುತ್ತಾರೆ. ಮಾರನೇ ದಿನ ಅವರ ಕೆಲಸಕ್ಕೆ ಇನ್ನೊಬ್ಬರು ಹೆಗಲು ಕೊಡುತ್ತಾರೆ. ಭಾನುವಾರ ಎಲ್ಲರಿಗೂ ಕನ್ನಡದಲ್ಲಿ ಹೇಳಬೇಕು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆಗುತ್ತಾ?

ಬರೆಯಲು ಆಗುತ್ತದೆ. ಮಾತಾಡಲು ಕಷ್ಟ, ಸುಳ್ಳು ಹೇಳುವುದಿಲ್ಲ. ಬೇರೆ ಬೇರೆ ನಾಡಿನ ಉಚ್ಚಾರಣೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು, ನಾವು 'ಎಕ್ಸ್‌ಕ್ಯೂಸ್ ಮಿ' ಅನ್ನುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಹಾಗಾಗಿ ಇಮೇಲೇ ನಮ್ಮ ದಾರಿ. ನಾಲ್ಕು ಸಲ ತಿದ್ದಿ ಕಳಿಸಬಹುದು. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ತಕರಾರು ಏನು ಅಂತ ಕನ್ನಡದಲ್ಲೇ ಎರಡು ಸಾಲಲ್ಲಿ ಹೇಳಲು ಆಗದಿದ್ದರೆ ಇಂಗ್ಲಿಷಿನಲ್ಲೂ ಆಗುವುದಿಲ್ಲ.

ಹೆಣ್ಣುಮಕ್ಕಳು ಸೇರಬಹುದಾ ಅಂತ ನಮ್ಮಮ್ಮ ಕೇಳ್ತಿದ್ದಾರೆ.

ಸೇರಬಹುದು, ಸೇರಿದ್ದಾರೆ. ಸಂಖ್ಯೆ ಕಡಿಮೆ. ಜಗಳಗಂಟ ಮಾತಿನ ಹಳೆಯ ಚಾಳಿ ಐಇಟಿಎಫ್‌ನಲ್ಲಿ ಇತ್ತು. ಅದರ ಬಗ್ಗೆ ಅವರೇ ಬರೆದುಕೊಂಡಿದ್ದಾರೆ. ಹೇಗೆ ನಡೆದುಕೊಳ್ಳಬೇಕು ಅಂತ 2014ರಲ್ಲಿ, ಕಿರುಕುಳದ ದೂರು ಹೇಗೆ ನೋಡಬೇಕು ಅಂತ 2016ರಲ್ಲಿ ಐಇಟಿಎಫ್ ನಿಯಮ ಬರೆಯಿತು. ದೂರು ಕೇಳಲು ಬೇರೆಯದೇ ತಂಡ ಇದೆ. ಸಭೆಯ ಜಾಗದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಈಚಿನ ವರ್ಷಗಳಲ್ಲಿ ಬಂದಿದೆ. ನಮ್ಮ ಗುಂಪಿನಲ್ಲಿ ರಾತ್ರಿ ಸಭೆ ಅವರವರ ಮನೆಯಿಂದಲೇ. ಅಮ್ಮನಿಗೆ ಹೇಳಿ, ಬೇಕಿದ್ದರೆ ಭಾನುವಾರ ಅವರೂ ಬಂದು ಕೂರಲಿ.

ತಕರಾರು ಬರೆಯೋದು ಹೇಗೆ?

ಹೇಗೆ ಬರೆಯಬಾರದು ಅಂತ ಮೊದಲು ಹೇಳುತ್ತೇನೆ, ನಾನೇ ಬರೆದಿದ್ದೇನಲ್ಲ. ಮೂರು ಪುಟ. ಕನ್ನಡಕ್ಕೆ ಎರಡು ಸಾವಿರ ವರ್ಷದ ಇತಿಹಾಸ, ಹಲ್ಮಿಡಿ, ಪಂಪ, ರನ್ನ, ಎಂಟು ಜ್ಞಾನಪೀಠ, ಹೀಗಿರುವ ಭಾಷೆಗೆ ನೀವು ಮಾಡಿದ್ದು ಅನ್ಯಾಯ ಅಂತ. ಯಾವ ಸಂಸ್ಥೆ ಅನ್ನುವುದು ಬೇಡ. ಉತ್ತರವೇ ಬರಲಿಲ್ಲ. ಬೇಜಾರಿನಲ್ಲಿ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಹುಡುಗಿಯರು ಅದೇ ವಿಷಯ ತೆಗೆದುಕೊಂಡು ಹೀಗೆ ಬರೆದರು. ಕರಡಿನ ಇಂಥ ಅಂಕಣ, ಇಂಥ ಸಾಲು. ಈ ನಿಯಮ ಹಾಕಿದರೆ ಈ ಮೂರು ಪದ ಬರೆಯಲು ಆಗುವುದಿಲ್ಲ. ಪದಗಳು ಇವು, ಫೋನಿನಲ್ಲಿ ಕಾಣುವುದು ಹೀಗೆ, ಕಾಣಬೇಕಾದ್ದು ಹೀಗೆ. ಸಾಲನ್ನು ಹೀಗೆ ಬದಲಾಯಿಸಿ. ಅಷ್ಟೇ, ಅರ್ಧ ಪುಟ. ಎರಡೇ ದಿನದಲ್ಲಿ ಉತ್ತರ ಬಂತು. ಒಪ್ಪಿದ್ದು ಎರಡು ಪದದ ಮಟ್ಟಿಗೆ. ಮೂರನೆಯದಕ್ಕೆ ಯಾಕೆ ಆಗುವುದಿಲ್ಲ ಅಂತ ಕಾರಣ ಕೊಟ್ಟಿದ್ದರು. ಕಾರಣ ಓದಿದ ಮೇಲೆ ನಮಗೂ ಸರಿ ಅನ್ನಿಸಿತು.

ಐಎಸ್‌ಒ ಕಡೆ ಹೋಗುವುದಾದರೆ ಇದಕ್ಕೆ ಅಚ್ಚುಕಟ್ಟಾದ ತಖ್ತೆಯೇ ಇದೆ. ಸಾಲಿನ ಸಂಖ್ಯೆ, ಅಂಕಣ, ತಕರಾರಿನ ಬಗೆ, ತಕರಾರು, ನೀವು ಸೂಚಿಸುವ ಬದಲಾವಣೆ. ಕೊನೆಯ ಕಾಲಂ ಖಾಲಿ, ಅದರಲ್ಲಿ ಅವರು ಉತ್ತರ ತುಂಬಬೇಕು. 'ಸೂಚಿಸುವ ಬದಲಾವಣೆ' ಕಾಲಂ ಖಾಲಿ ಬಿಟ್ಟರೆ ನಿಮ್ಮದು ಅಳಿಯನ ತಕರಾರು ಅಂತ ಲೆಕ್ಕ. ಗಡುವು ನೋಡಿಕೊಳ್ಳಿ. ಐಇಟಿಎಫ್‌ನಲ್ಲಿ ಗುಂಪಿನಿಂದ ಬಂದ ಕರಡಿಗೆ ಕೊನೆಯ ಕರೆ ಎರಡೇ ವಾರ.

ಡಿಗ್ರಿ ಬೇಕಾ?

ಬೇಡ. ನಾನು ಪಿಯುಸಿ.

ಎಲ್ಲಿಂದ ಶುರು ಮಾಡಲಿ?

ಭಾನುವಾರ ಸಂಜೆ ಐದಕ್ಕೆ ಬನ್ನಿ, ಶಟರ್ ಕೆಳಗೆ ಬಗ್ಗಿ ಬರಬೇಕು, ತಲೆ ಜೋಪಾನ. ಬರುವಾಗ ನಿಮ್ಮ ಫೋನಿನಲ್ಲಿ ತಪ್ಪಾಗಿ ಕಾಣುವ ಅಥವಾ ಟೈಪ್ ಮಾಡಲು ಆಗದ ಒಂದು ಕನ್ನಡ ಪದ ಹುಡುಕಿಕೊಂಡು ಬನ್ನಿ. ಮನೆ ದೇವರ ಹೆಸರೋ, ಊರ ಹೆಸರೋ, ಯಾವುದಾದರೂ ಸರಿ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಸರಿಯಾಗಿ ಬರೆಯುತ್ತಾರೆ, ಅಲ್ಲಿಂದ ಕೆಲಸ ಶುರು.